ಐದು ತಿಂಗಳ ಗೈರುಹಾಜರಿ

ಒಂದು ತರಗತಿಯನ್ನೂ ತಪ್ಪಿಸದ ನನ್ನನ್ನು ಐದು ತಿಂಗಳು ಗೈರುಹಾಜರೆಂದು ಬರೆದರು, ಎಂ.ಎ. ಮೊದಲ ಸೆಮಿಸ್ಟರಿನ ಪರೀಕ್ಷೆಗೆ ಕೂರಿಸಲಿಲ್ಲ. ಆಗ ನನಗೆ ಅರವತ್ತೆರಡು ವರ್ಷ. ಆ ವಯಸ್ಸಿನವನಿಗೆ ‘ಇನ್ನೊಂದು ವರ್ಷ ಕಾಯಿರಿ’ ಎನ್ನುವುದು ಎಷ್ಟು ಸುಲಭವೆಂದು ಅಂದು ಕಂಡೆ.

ನೌಕರಿಯ ಸಂಗತಿಯನ್ನು ಮೊದಲು ಹೇಳಬೇಕು. ನನ್ನ ಪಾಲಿನ ತಪ್ಪಿನ ಬೇರು ಅಲ್ಲಿದೆ. 1997ರಿಂದ ನಿವೃತ್ತಿಯವರೆಗೆ ನಾನು ಮರಳಿ ಗ್ರಾಮದ ಹತ್ತಿರ ಕಾಲುವೆಯ ನೀರಿನ ಮಟ್ಟ ನೋಡುವವನಾಗಿದ್ದೆ. ಬೆಳಿಗ್ಗೆ ಆರಕ್ಕೆ ಗೇಜ್ ಪಟ್ಟಿ ಓದಿ, ಮುನಿರಾಬಾದಿನ ಕಚೇರಿಗೆ ಫೋನಿನಲ್ಲಿ ಅಂಕಿ ಹೇಳಬೇಕಿತ್ತು. ಆ ಕಡೆಯ ಗುಮಾಸ್ತರು ಬರೆದುಕೊಂಡು ಫೋನ್ ಇಟ್ಟುಬಿಡುತ್ತಿದ್ದರು. ಹೂಂ ಎನ್ನುವ ಪದ್ಧತಿಯೂ ಇರಲಿಲ್ಲ. ಹೇಳಿದ್ದು ಮುಟ್ಟಿದೆಯೆಂದೇ ನಂಬಿ ನಾನು ಮನೆಗೆ ಬರುತ್ತಿದ್ದೆ. ಅದು ಮುಟ್ಟದ ದಿನವೇ ಇರಲಿಲ್ಲ.

ನಿವೃತ್ತಿಯ ನಂತರ ಇತಿಹಾಸದ ಎಂ.ಎ. ತರಗತಿಗೆ ಸೇರಿದೆ. ಕೊಪ್ಪಳದ ಕೇಂದ್ರದಲ್ಲಿ ಬೆಂಚಿನ ಮೇಲೆ ಕುಳಿತದ್ದು ಹನ್ನೊಂದೇ ದಿನ. ಕೊರೊನಾ ಬಂದು ಪಾಠಗಳು ಮೊಬೈಲಿಗೆ ಬಂದವು. ಮಗಳ ಬಾಣಂತನಕ್ಕೆ ಕುಷ್ಟಗಿಗೆ ಹೋಗಿದ್ದ ಹೆಂಡತಿ ಅಲ್ಲಿಯೇ ಉಳಿಯಬೇಕಾಯಿತು. ಗಂಗಾವತಿಯ ನಮ್ಮ ಮನೆಯೊಳಗೆ ಹಗಲೆಲ್ಲ ಬರುತ್ತಿದ್ದುದು ರೈಸ್ ಮಿಲ್ಲಿನ ಸದ್ದೊಂದೇ. ಮೊಬೈಲ್ ಅಂಗಡಿಯವನು ತರಗತಿಯ ಆ್ಯಪ್ ಹಾಕಿಕೊಟ್ಟು, “ಹಿಂಗ ಇರ್ಲಿ ಕಾಕಾ, ಕೆಳಗಿನ ಗುಂಡಿ ಯಾವ್ದೂ ಮುಟ್ಟಬ್ಯಾಡ್ರಿ” ಎಂದಿದ್ದ. ನಾನು ಮುಟ್ಟಲಿಲ್ಲ.

ದಿನವೂ ಹತ್ತು ಗಂಟೆಗೆ ಇಸ್ತ್ರಿಯ ಅಂಗಿ ತೊಟ್ಟು ಮೇಜಿನ ಮುಂದೆ ಕೂರುತ್ತಿದ್ದೆ. ಮೊಬೈಲ್ ಪರದೆಯಲ್ಲಿ ಮಿಕ್ಕವರ ಚೌಕಗಳೆಲ್ಲ ಕಪ್ಪು. ಮುಖ ತೋರಿಸುತ್ತಿದ್ದವನು ನಾನೊಬ್ಬನೇ. ಹೆಸರು ಕೂಗಿದಾಗ ಎದ್ದು ನಿಂತು ಹಾಜರಿ ಹೇಳುತ್ತಿದ್ದೆ. ಅಧ್ಯಾಪಕರು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಮುನಿರಾಬಾದಿನವರೂ ಹಾಗೆಯೇ ಅಲ್ಲವೇ ಮಾಡುತ್ತಿದ್ದುದು?

ಆದರೆ ನನ್ನ ಪ್ರಶ್ನೆಗಳಿಗೆ ಉತ್ತರ ಬಾರದಿದ್ದುದು ನನ್ನನ್ನು ಕೆರಳಿಸಿತು. ಗೇಜ್ ಪುಸ್ತಕದಂತೆ ಗೆರೆ ಹೊಡೆದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ‘ಪ್ರಶ್ನೆ ಕೇಳಿದೆ. ಉತ್ತರ ಕೊಡಲಿಲ್ಲ’ ಎಂದು ಬರೆದಿಟ್ಟೆ. ಅಂಥ ಸಾಲುಗಳು ಮೂವತ್ತನಾಲ್ಕು. ಮುದುಕನೆಂಬ ತಾತ್ಸಾರವೆಂದೇ ತಿಳಿದಿದ್ದೆ. ವಿಚಿತ್ರವೆಂದರೆ, ಅದೇ ಅಧ್ಯಾಪಕರು ಪಾಠದ ನಡುವೆ, “ಕೇಳಸ್ತೈತೇನ್ರಪಾ? ಯಾರರ ಅದೀರೋ ಇಲ್ಲೋ?” ಎಂದು ಕೇಳುತ್ತಿದ್ದರು. ಕಪ್ಪು ಚೌಕಗಳು ಸುಮ್ಮನಿರುತ್ತಿದ್ದವು. ನಾನೊಬ್ಬನೇ ‘ಇದ್ದೇನೆ, ಹೇಳಿ’ ಎನ್ನುತ್ತಿದ್ದೆ. ಇಡೀ ದಿನದಲ್ಲಿ ನಾನು ಗಟ್ಟಿಯಾಗಿ ಆಡುತ್ತಿದ್ದ ಮಾತು ಬಹುಮಟ್ಟಿಗೆ ಅಷ್ಟೇ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಹೆಂಡತಿ ಚುಚ್ಚಿದಳು: “ಆ ಕಡಿ ಮಂದಿ ಅದಾರೋ, ಇಲ್ಲಾ ಗ್ವಾಡಿ ಕೂಡ ಮಾತಾಡಾಕತ್ತೀರೋ?”

ಪರೀಕ್ಷೆಗೆ ಅರ್ಹರಾದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನೋಟ್‌ಬುಕ್ ಹಿಡಿದು ಕೊಪ್ಪಳಕ್ಕೆ ಹೋದೆ. ಕೇಂದ್ರದ ವರಾಂಡದಲ್ಲಿ ಯಲಬುರ್ಗಾದ ಸಹಪಾಠಿ ಹುಡುಗಿ ಸಿಕ್ಕಳು. ದಿನವೂ ಹಾಜರಿ ಹೇಳಿದವನ ಗತಿ ಹೀಗೇಕೆಂದು ಅವಳನ್ನು ಕೇಳಿದೆ.

“ನಿಮ್ಮ ಮೈಕ್ ಬಂದ್ ಇತ್ತಲ್ರಿ ಅಜ್ಜಾರ. ತುಟಿ ಅಷ್ಟ ಅಳ್ಳಾಡತಿದ್ವು. ಜಪ ಮಾಡಾಕತ್ತಾರ ಅನ್ಕೊಂಡಿದ್ವಿ” ಎಂದು ನಕ್ಕಳು. ನನ್ನ ಮುಖ ನೋಡಿ ನಗೆ ನಿಲ್ಲಿಸಿದಳು. ಅವರ ವಾಟ್ಸಾಪ್ ಗುಂಪಿನಲ್ಲಿ ನನಗೆ ‘ಜಪದ ಅಜ್ಜ’ ಎಂಬ ಹೆಸರಿತ್ತೆಂಬುದನ್ನೂ ಆಮೇಲೆ ಮೆಲ್ಲಗೆ ಒಪ್ಪಿಕೊಂಡಳು.

ಅಧ್ಯಾಪಕರ ಮೇಜಿನ ಮೇಲೆ ನೋಟ್‌ಬುಕ್ ತೆರೆದಿಟ್ಟೆ. ಒಂದು ಪುಟದ ಮೇಲೆ ಅವರ ಬೆರಳು ನಿಂತಿತು. ‘ಹತ್ತು ನಲವತ್ತಕ್ಕೆ ಸರ್ ಅವರ ಲೈನ್ ಹೋಯಿತು. ಹತ್ತು ಐವತ್ತೊಂದಕ್ಕೆ ಬಂದರು. ಪಾಠ ಎಲ್ಲಿಗೆ ನಿಂತಿತ್ತೆಂದು ಕೇಳಿದರು. ನಾನು ಹೇಳಿದೆ.’

ಅವರು ಆ ಸಾಲುಗಳನ್ನು ಇನ್ನೊಮ್ಮೆ ಓದಿದರು. ಕೊನೆಗೆ, “ಅವತ್ತು ಯಾರೂ ಹೇಳವಲ್ಲರು ಅಂತ ಮತ್ತ ಮೊದಲಿಂದ ಶುರು ಮಾಡಿದ್ನ್ರೀ ಹಿರಿಯರ. ನಾನೂ ಜಪ ಅಂತನ ತಿಳ್ಕೊಂಡಿದ್ದೆ” ಎಂದರು. ಆದರೂ ಹಾಜರಿ ಪುಸ್ತಕ ತಿದ್ದಲಾಗದು, ನಿಯಮವೆಂದರೆ ನಿಯಮ ಎಂದು ನೋಟ್‌ಬುಕ್ಕನ್ನು ನನ್ನತ್ತ ಸರಿಸಿದರು.

ಮರುವರ್ಷ ಪರೀಕ್ಷೆ ಬರೆದು ತೇರ್ಗಡೆಯಾದೆ. ಅದರಿಂದ ಹಿಂದಿನದು ಅಳಿಯುವುದಿಲ್ಲ. ಗುಂಡಿ ಒತ್ತದ ತಪ್ಪು ನನ್ನದು, ಅದನ್ನು ಒಪ್ಪಿದ್ದೇನೆ. ಆದರೆ ಯಾರಾದರೂ ಇದ್ದೀರಾ ಎಂದು ದಿನವೂ ಕೂಗುತ್ತಿದ್ದ ಗುರುಗಳೇ, ಕಪ್ಪು ಚೌಕಗಳ ಹಿಂದೆ ಕುಳಿತು ನಗುತ್ತಿದ್ದ ಸಹಪಾಠಿಗಳೇ, ನಿಮ್ಮ ಕಣ್ಣೆದುರಿಗೆ ಒಬ್ಬ ಮನುಷ್ಯನ ತುಟಿ ಐದು ತಿಂಗಳು ಅಲುಗಾಡುತ್ತಿದ್ದಾಗ, ಏನು ಹೇಳುತ್ತಿದ್ದೀರಿ ಎಂದು ಒಮ್ಮೆಯಾದರೂ ನೀವೇಕೆ ಕೇಳಲಿಲ್ಲ?