ಅವ್ವನ ಕೋಣೆಗೊಂದು ಟಿವಿ

ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅವ್ವ ಮರಾಠಿ ನಾಡಿನ ಹಡಪಸರದ ನಮ್ಮ ಮನೆಯ ಒಳಕೋಣೆಯಲ್ಲಿ ಮಲಗಿದ್ದಳು. ನೋವಿಗಿಂತ ಹೆಚ್ಚಾಗಿ ಆಕೆಯನ್ನು ಕಾಡಿದ್ದು ಧಾರಾವಾಹಿ. ಕನ್ನಡ ಚಾನೆಲ್ ಬರುವ ಸೆಟ್‌ಟಾಪ್ ಬಾಕ್ಸ್ ಇದ್ದದ್ದು ಒಂದೇ, ಅದೂ ಹಾಲ್‌ನಲ್ಲಿ. ಇನ್ನೊಂದು ತರುತ್ತೇನೆಂದರೆ ಅವ್ವ ಒಪ್ಪಲಿಲ್ಲ.

"ನಿನ್ನ ಹೆಂಡ್ತಿ ಒಂದು ನೋಡೋದು, ನಾ ಒಂದು ನೋಡೋದು, ಅದೇನು ಚಂದ? ಆ ಹಾಳಾದಕಿಗೆ ನಾವಿಬ್ಬರೂ ಕೂಡೇ ಬೈಬೇಕು."

ಹಾಳಾದಕಿ ಎಂದರೆ ಧಾರಾವಾಹಿಯ ಅತ್ತೆ.

ಹಾಗಾಗಿ ಒಂದೇ ಬಾಕ್ಸಿನ ಚಿತ್ರವನ್ನು ಎರಡು ಟಿವಿಗೆ ಹಂಚುವ ಪುಟ್ಟ ಸ್ಪ್ಲಿಟರ್ ತಂದೆ. ಬಾಗಿಲ ಚೌಕಟ್ಟಿನ ಗುಂಟ ಉದ್ದದ ಕೇಬಲ್ ಎಳೆದು, ಹಳೆಯ ಟಿವಿಯನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ಅವ್ವನ ಮಂಚದ ಎದುರಿಗಿಟ್ಟೆ. ಎರಡೂ ಕಡೆ ಚಿತ್ರ ಬಂತು. ಆದರೆ ಹಾಲ್‌ನ ಹೋಮ್ ಥಿಯೇಟರ್ ಸ್ಪೀಕರುಗಳು ಗುಂಯ್ ಎನ್ನತೊಡಗಿದವು.

"ಮನ್ಯಾಗ ಹಿಟ್ಟಿನ ಗಿರಣಿ ಹಾಕೀರೇನ್ರಿ?" ಎಂದಳು ಹೆಂಡತಿ.

ಬಾಕ್ಸಿಗೂ ಸ್ಪೀಕರುಗಳಿಗೂ ನಡುವೆ ಜೋಡಿಸಿದ್ದ ಆಂಪ್ಲಿಫೈಯರಿನ ಅರ್ಥಿಂಗ್ ತೆಗೆದರೆ ಸದ್ದು ನಿಲ್ಲುತ್ತದೆಂದು ಮೊಬೈಲಿನ ಒಂದು ವಿಡಿಯೋದಲ್ಲಿ ನೋಡಿದೆ. ಪ್ಲಗ್ ಬಿಚ್ಚಿ, ಹಸಿರು ವೈರು ಕಳಚಿ, ತುದಿಗೆ ಟೇಪ್ ಸುತ್ತಿದೆ. ಸದ್ದು ನಿಂತಿತು.

ನಾನು ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವವನು. ಡ್ರಮ್ಮಿಗೆ ಅರ್ಥಿಂಗ್ ತಂತಿ ಸಿಕ್ಕಿಸದೆ ದ್ರಾವಕ ಸುರಿಯಲು ಹೋದವರನ್ನು, ಕಿಡಿ ಹಾರಿ ಬೆಂಕಿ ಹತ್ತೀತೆಂದು, ಗೇಟಿನ ಹೊರಗೆ ನಿಲ್ಲಿಸಿದ್ದೇನೆ. ಪ್ಲಗ್ ಬಿಚ್ಚುವಾಗ ಅದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಇದು ಮನೆಯಲ್ಲವೇ ಅಂದುಕೊಂಡೆ.

ಮುಂದಿನ ಭಾನುವಾರ ಮಧ್ಯಾಹ್ನ. ಕೆಲಸದಾಕೆ ಆಗತಾನೇ ನೆಲ ಒರೆಸಿ ಹೋಗಿದ್ದಳು. ಅವ್ವ ಬರಿಗಾಲಿನಲ್ಲಿ ವಾಕರ್ ಹಿಡಿದು ಎರಡು ಹೆಜ್ಜೆ ಬಂದು, ಒಂದು ಕೈ ಬಿಟ್ಟು ಟಿವಿ ಸ್ಟ್ಯಾಂಡ್ ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ನಾನು ಬಾಗಿಲಲ್ಲೇ ಇದ್ದೆ. "ಯಾಕವ್ವಾ, ಕಾಲು ನೋಯ್ತದೇನು?" ಎಂದು ಕೇಳಿದೆ.

ಇಂದಿಗೂ ಬಸ್ಸಿನಲ್ಲಿ ಕುಳಿತಾಗ, ಊಟದ ನಡುವೆ, ಆ ಪ್ರಶ್ನೆ ನನ್ನದೇ ದನಿಯಲ್ಲಿ ಕೇಳಿಸುತ್ತದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ನೆನೆದಾಗಲೆಲ್ಲ ಆ ಹೊತ್ತು ಉದ್ದವಾಗುತ್ತದೆ. ಹಿಂದಿನಿಂದ ಬಂದ ಹೆಂಡತಿ ಸ್ಟ್ಯಾಂಡಿಗೆ ಬಿಗಿದುಕೊಂಡಿದ್ದ ಅವ್ವನ ಬೆರಳುಗಳನ್ನು ನೋಡಿದವಳೇ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ಅವ್ವ ಮಂಚದ ಮೇಲೆ ಕುಸಿದಳು.

ಆಸ್ಪತ್ರೆಯಲ್ಲಿ ಹೃದಯ ಸರಿಯಿದೆ ಎಂದರು. ಅಂಗೈ ಸುಟ್ಟಿತ್ತು, ಅಷ್ಟೇ.

ಸಂಜೆ ಬಂದ ಎಲೆಕ್ಟ್ರಿಷಿಯನ್ ಎಲ್ಲ ಬಿಚ್ಚಿ ನೋಡಿದ. ಸ್ಪ್ಲಿಟರಿನ ಅಡಾಪ್ಟರ್ ಒಳಗೇ ಸುಟ್ಟು, ಮನೆಯ ಕರೆಂಟು ನೇರ ಕೇಬಲ್ ಹಿಡಿದು ಸ್ಟ್ಯಾಂಡಿನವರೆಗೂ ಬಂದಿತ್ತು. ಆಂಪ್ಲಿಫೈಯರಿಗೆ ಅರ್ಥಿಂಗ್ ಇದ್ದಿದ್ದರೆ ಕರೆಂಟು ನೆಲಕ್ಕಿಳಿದು ಆ ಗಳಿಗೆಯಲ್ಲೇ ಮೇನ್ ಸ್ವಿಚ್ ತಾನಾಗಿ ಬೀಳುತ್ತಿತ್ತಂತೆ.

"ಸಾಹೇಬ, ಹೇ ಕೋಣೀ ಕಾಢ್ಲಂ?" ಟೇಪ್ ಸುತ್ತಿದ ವೈರು ತೋರಿಸಿ, ಇದನ್ನು ತೆಗೆದವರು ಯಾರು ಎಂದು ಮರಾಠಿಯಲ್ಲಿ ಕೇಳಿದ.

"ಮೀಚ್," ಎಂದೆ. ನಾನೇ. ಆತ ಟೇಪ್ ಬಿಚ್ಚಿ ಹಸಿರು ವೈರು ಜೋಡಿಸಿದ.

ಅವ್ವನಿಗೆ ಮಾತ್ರ ಇದೇನೂ ತಿಳಿಯದು. ತನ್ನ ಕೈಯಿಂದಲೇ ಆಯಿತೆಂದು ನಂಬಿ, ಮಂಚದಿಂದ ಕಾಲು ಕೆಳಗಿಡುವುದನ್ನೇ ಬಿಟ್ಟಳು. ನಡೆಯದಿದ್ದರೆ ಮೊಣಕಾಲು ಹಿಡಿದುಬಿಡುತ್ತದೆ, ಮತ್ತೆ ಮಡಚಲು ಬರುವುದಿಲ್ಲ ಎಂದು ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ ಎಚ್ಚರಿಸಿದಳು.

"ನಂದ ತಪ್ಪು. ವಾಕರ್ ಬಿಟ್ಟು ಅದನ್ಯಾಕ ಹಿಡೀಬೇಕಿತ್ತು? ಅಡ್ಡಾಡೋದ ಬ್ಯಾಡ ನನಗ," ಎಂದಳು ಅವ್ವ.

ಐದು ದಿನ ಹಾಗೆ ಹೇಳಲು ಬಿಟ್ಟೆ. ಆರನೆಯ ದಿನ ಮಂಚದ ಅಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ.

"ಹಂಗ ಮಾಡಬಾರದಂತ ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತವ್ವಾ."

"ಗೊತ್ತಿದ್ದೂ ಮಾಡಿದಿ?"

ನಾನು ಹೌದೆಂದು ತಲೆಯಾಡಿಸಿದೆ. ಅವ್ವ ಮಂಚದಿಂದ ಕಾಲು ಕೆಳಗಿಟ್ಟಳು.

"ವಾಕರ್ ಕೊಡು ಇಲ್ಲೆ."

ಹಿಡಿದುಕೊಳ್ಳಲು ಹೋದರೆ, "ಮುಟ್ಟಬ್ಯಾಡ ನನ್ನ!" ಎಂದಳು. ಹಲ್ಲು ಕಚ್ಚಿ ಎದ್ದು ನಿಂತಳು. ಒಂದು ಹೆಜ್ಜೆ, ನಿಂತು ಮತ್ತೊಂದು, ಹಾಗೆಯೇ ಹಾಲ್ ದಾಟಿದಳು.

"ಏನವಾ, ಕೇಳಿದೇನು ನಿನ್ನ ಗಂಡನ ಶಾಣ್ಯಾತನಾ!" ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದಳು.

ನಾನು ಒಂದು ಮೊಳದ ಅಂತರದಲ್ಲಿ, ಎರಡೂ ಕೈ ಮುಂದೆ ಚಾಚಿಕೊಂಡು, ಮುಟ್ಟದೆ ಹಿಂದೆ ನಡೆದೆ.