ಸ್ಪಂಜಕ್ಕನ ಒದ್ದೆ ಹೆಬ್ಬೆರಳು

ಬಿಸ್ಕತ್ತು ಕಾರ್ಖಾನೆಯಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಆಕೆ ಸ್ಪಂಜಕ್ಕ. ಪ್ಯಾಕಿಂಗ್ ಕೋಣೆಯ ಮೊದಲನೇ ಮೇಜಿನಲ್ಲಿ, ಆಕೆಯ ಬಲಗೈ ಪಕ್ಕ, ಇಪ್ಪತ್ತನಾಲ್ಕು ವರ್ಷದಿಂದ ಒಂದು ಸ್ಟೀಲ್ ಬಟ್ಟಲು; ಬಟ್ಟಲಲ್ಲಿ ನೀರು ಕುಡಿದ ಒಂದು ಸ್ಪಂಜು. ಹೆಬ್ಬೆರಳನ್ನು ಸ್ಪಂಜಿಗೆ ಒತ್ತಬೇಕು, ಆ ಒದ್ದೆ ಬೆರಳಿಂದ ಪ್ಲಾಸ್ಟಿಕ್ ಚೀಲದ ಬಾಯಿ ಉಜ್ಜಿ ಬಿಡಿಸಬೇಕು, ಬಿಸ್ಕತ್ತು ಜಾರಿಸಿ, ಬಾಯಿಯನ್ನು ಬಿಸಿ ಪಟ್ಟಿಯ ಕೆಳಗಿಟ್ಟು ಒತ್ತಬೇಕು. ನಿಮಿಷಕ್ಕೆ ಹನ್ನೊಂದು ಪೊಟ್ಟಣ. ಈ ಕೆಲಸದಲ್ಲಿ ಆಕೆಯದು ಎತ್ತಿದ ಕೈ, ಮತ್ತು ಅದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು.

ಹೊಸಬರು ಸೇರಿದ ದಿನ ಆಕೆಯೇ ಹೋಗಿ ಅವರ ಮುಂದೆ ಒಂದು ಬಟ್ಟಲು, ಒಂದು ಸ್ಪಂಜು ಇಟ್ಟು ಬರುತ್ತಿದ್ದಳು. ಆಫೀಸಿನವರು ಕೊಡುವುದು ಬರೀ ಕಾಗದ, ನಿಜವಾದ ನೇಮಕಾತಿ ಈ ಬಟ್ಟಲೇ ಎಂದು ಹೆಂಗಸರು ನಗುತ್ತಿದ್ದರು. ಹೀಗೆ ಕೋಣೆಯಲ್ಲಿದ್ದ ಮೂವತ್ತು ಜನರೂ ಆಕೆಯ ಶಿಷ್ಯರೇ.

ಒಬ್ಬಳು ಮಾತ್ರ ಮೊದಲ ದಿನವೇ ತಕರಾರು ತೆಗೆದಿದ್ದಳು. ಅದೂ ಹೊರಗಿನವಳಲ್ಲ, ಸ್ವಂತ ನಾದಿನಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೇ ಬಂದವಳು. ಸ್ಪಂಜಕ್ಕನೇ ಯಜಮಾನರಿಗೆ ಹೇಳಿ ಮೂರು ತಿಂಗಳ ಹಿಂದೆ ಈ ಕೆಲಸ ಕೊಡಿಸಿದ್ದಳು. ನಾದಿನಿ ಎಡಚಿ. ಚೀಲದ ಕಟ್ಟನ್ನು ಎಡಗೈಯಲ್ಲಿ ಹಿಡಿದು, ಇಸ್ಪೀಟು ಎಲೆಯಂತೆ ಬಗ್ಗಿಸಿ, ಮೇಜಿನ ಅಂಚಿಗೆ ಎರಡು ಸಲ ತಟ್ಟಿದಳು. ಬಾಯಿಗಳೆಲ್ಲ ತಾವಾಗಿ ಬಿಡಿಸಿಕೊಂಡವು.

"ಏನೇ ಇದು, ಇಲ್ಲಿ ಇಸ್ಪೀಟು ಆಡೋಕೆ ಬಂದಿದೀಯಾ? ಬೆರಳು ಒದ್ದೆ ಮಾಡ್ಕೋ."

"ಒಣ ಕೈಯಲ್ಲೂ ಬಿಡಿಸ್ಬಹುದು ಅತ್ತಿಗೆ, ನೋಡಿ."

"ನಾನು ಇಲ್ಲಿ ಸೇರಿದಾಗ ನೀನಿನ್ನೂ ಸ್ಕೂಲ್ ಬ್ಯಾಗ್ ಹೊತ್ಕೊಂಡು ಓಡಾಡ್ತಿದ್ದೆ. ಹೇಳಿದಷ್ಟು ಮಾಡು."

ನಾದಿನಿ ಹೇಳಿದಷ್ಟು ಮಾಡಿದಳು. ಮನೆಯಲ್ಲೂ ಅತ್ತಿಗೆ ಮಾತಿಗೆ ಎದುರಾಡಿದವಳಲ್ಲ. ಆಡುವಂಥ ಪರಿಸ್ಥಿತಿಯೂ ಇರಲಿಲ್ಲ.

ಆಮೇಲೆ ಬಂತು ಹೊಸ ಚೀಲ. ಯಜಮಾನರ ಮಗಳು, ಎಲ್ಲರ ಬಾಯಲ್ಲಿ ಚಿಕ್ಕ ಮೇಡಂ, ಕಾರ್ಖಾನೆಯ ಹಿಂದಿನ ಚರಂಡಿಯಿಂದ ತಮ್ಮದೇ ಗಿಳಿ ಚಿತ್ರದ ಪ್ಲಾಸ್ಟಿಕ್ ಚೀಲಗಳನ್ನು ಒಂದು ಬಕೆಟ್ ತುಂಬ ಎತ್ತಿಸಿ ತಂದು ಅಪ್ಪನ ಮೇಜಿನ ಮೇಲೆ ಸುರಿದಿದ್ದಳಂತೆ. ಒಂದು ವರ್ಷ ಅಪ್ಪ ಮಗಳ ಜಟಾಪಟಿ ನಡೆದು, ಕೊನೆಗೆ ಅಪ್ಪ ಸೋತರು. ಹೊಸ ಚೀಲ ಕಾಗದದ್ದು, ಒಳಗೆ ಜೋಳದ ಹಿಟ್ಟಿನಿಂದ ಮಾಡಿದ ತೆಳುವಾದ ಲೇಪ. ಮಣ್ಣಿಗೆ ಹಾಕಿದರೆ ಕೆಲವೇ ತಿಂಗಳಲ್ಲಿ ಗೊಬ್ಬರ. ರಟ್ಟಿನ ಡಬ್ಬಗಳನ್ನೂ ಬದಲಾಯಿಸಿದರು. ಅವನ್ನು ವಾಪಸು ಅರೆದು ಮತ್ತೆ ಡಬ್ಬ ಮಾಡಬಹುದಂತೆ.

"ಮಣ್ಣಲ್ಲಿ ಕರಗೋ ಚೀಲ ಅಂಗಡಿಯಲ್ಲಿ ಸುಮ್ನಿರತ್ತಾ? ಅಲ್ಲೂ ಕರಗತ್ತೆ, ನೋಡ್ತಾ ಇರಿ," ಎಂದು ಸ್ಪಂಜಕ್ಕ ಮೂಗು ಮುರಿದಳು.

ಹೊಸ ಚೀಲ ಶುರುವಾದ ದಿನ ಬೆಳಿಗ್ಗೆಯೇ ಮನೆಯಲ್ಲಿ ಕುಕ್ಕರಿನ ಹಬೆ ತಾಗಿ ಆಕೆಯ ಬಲ ಹೆಬ್ಬೆರಳು ಸುಟ್ಟಿತು. ನಾದಿನಿಯೇ ಮುಲಾಮು ಹಚ್ಚಿ ಪಟ್ಟಿ ಕಟ್ಟಿದಳು. ರಜೆ ಹಾಕುವ ಜಾತಿಯಲ್ಲ ಸ್ಪಂಜಕ್ಕ. ಪಟ್ಟಿಯ ಮೇಲೆ, ಗುಮಾಸ್ತರು ಕಾಗದ ಎಣಿಸುವಾಗ ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಆ ರಬ್ಬರ್ ಟೋಪಿ ಏರಿಸಿಕೊಂಡು ಕೆಲಸಕ್ಕೆ ಬಂದಳು. ಚೀಲ ರಬ್ಬರಿಗೆ ತಾನೇ ಕಚ್ಚಿಕೊಂಡು ಬರುತ್ತಿತ್ತು. ಹದಿನೈದು ದಿನ, ಬೆರಳು ವಾಸಿಯಾಗಿ ಆ ಟೋಪಿಯೂ ಹರಿಯುವವರೆಗೆ, ಬಟ್ಟಲು ಮೂಲೆಯಲ್ಲಿ ಒಣಗಿ ಕೂತಿತ್ತು.

ಮೂರನೇ ವಾರ ಅಂಗಡಿಗಳಿಂದ ಸರಕು ವಾಪಸು ಬರತೊಡಗಿತು. ಬಿಸ್ಕತ್ತು ಮೆತ್ತಗಾಗಿದೆ ಎಂಬ ದೂರು. ಯಜಮಾನರು ಒಂದು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, ಪ್ರತಿ ಡಬ್ಬದೊಳಗೆ ಪ್ಯಾಕ್ ಮಾಡಿದವರು ಹಾಕುವ ಗುರುತಿನ ಚೀಟಿ ನೋಡಿ, ಯಾರ ಪೊಟ್ಟಣ ಯಾವುದೆಂದು ಉದ್ದದ ಮೇಜಿನ ಮೇಲೆ ಜೋಡಿಸಿದರು. ಚಿಕ್ಕ ಮೇಡಂ ಮುಖದಲ್ಲಿ ರಕ್ತವೇ ಇರಲಿಲ್ಲ. ಯಜಮಾನರು ಒಂದೊಂದನ್ನೇ ಅದುಮಿದರು. ಎಲ್ಲವೂ ಬಾಯಿಯ ಹತ್ತಿರ ಗಾಳಿ ಬಿಟ್ಟವು, ಸ್ಪಂಜಕ್ಕನವನ್ನು ಬಿಟ್ಟು. ಆಕೆಯ ಹನ್ನೆರಡಕ್ಕೆ ಹನ್ನೆರಡೂ ಗಟ್ಟಿ. ಒಂದನ್ನು ಹರಿದು ಬಿಸ್ಕತ್ತು ಮುರಿದರು, ಚಟ್ಟೆಂದಿತು.

"ನೋಡಿ, ಕೈ ಅಂದ್ರೆ ಇದು!" ಎಂದರು ಯಜಮಾನರು. "ಅಂದ್ರೆ ಚೀಲ ಸರಿಯಾಗೇ ಇದೆ. ಕೆಟ್ಟಿರೋದು ನಿಮ್ಮ ಕೆಲಸ. ನಾಲ್ಕನೇ ಮೇಜಿನ ಹೊಸಬರು ಮೂರು ಜನ ನಾಳೆಯಿಂದ ಬರೋದು ಬೇಡ. ಮಿಕ್ಕವರು ಸ್ಪಂಜಕ್ಕನ ಹತ್ರ ಮತ್ತೆ ಕಲೀರಿ."

ಸ್ಪಂಜಕ್ಕ ಮೊದಲು ಉಬ್ಬಿಹೋದಳು, ಸುಳ್ಳೇಕೆ ಹೇಳಬೇಕು. ನಾಲ್ಕನೇ ಮೇಜಿನ ಮೂವರಲ್ಲಿ ನಾದಿನಿಯೂ ಒಬ್ಬಳು ಎಂಬುದು ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು.

ಎಲ್ಲರೂ ಚಹಾಕ್ಕೆ ಹೋದಾಗ ಆಕೆ ಆ ಉದ್ದದ ಮೇಜಿನ ಹತ್ತಿರ ಹೋದಳು. ಇವರೇನು ತಪ್ಪು ಮಾಡಿದ್ದಾರೆ ಎಂದು ನೋಡಿ, ನಾದಿನಿಗೆ ಎರಡು ಬೈದು ಸರಿ ಮಾಡಿದರೆ ಯಜಮಾನರ ಕಾಲು ಹಿಡಿದಾದರೂ ಉಳಿಸಿಕೊಳ್ಳಬಹುದು ಎಂಬ ಲೆಕ್ಕ. ಒಂದು ಪೊಟ್ಟಣ ಎತ್ತಿದಳು. ಬಾಯಿಯ ಬಲ ಮೂಲೆಯಲ್ಲಿ ಬೆರಳಗಲ ಅಂಟಿರಲಿಲ್ಲ. ಇನ್ನೊಂದು, ಮತ್ತೊಂದು, ಎಲ್ಲ ಬಲ ಮೂಲೆಯೇ. ಯಂತ್ರದ್ದೇ ದೋಷವಿರಬೇಕು ಎಂದುಕೊಳ್ಳುವಷ್ಟರಲ್ಲಿ ನಾದಿನಿಯ ಪೊಟ್ಟಣ ಕೈಗೆ ಬಂತು. ಅದು ಬಿಟ್ಟುಕೊಂಡಿದ್ದು ಎಡ ಮೂಲೆಯಲ್ಲಿ.

ನಾದಿನಿ ಎಡಚಿ. ಹೆಬ್ಬೆರಳು ತಾಗುವ ಜಾಗ ಅದು. ಹಿಟ್ಟಿನ ಲೇಪಕ್ಕೆ ನೀರು ತಾಗಿದರೆ ಬಿಸಿ ಪಟ್ಟಿಗೆ ಅದು ಎಲ್ಲಿ ಅಂಟೀತು? ಹದಿನೈದು ದಿನ ಒಣಗಿದ್ದದ್ದು ಇಡೀ ಕೋಣೆಯಲ್ಲಿ ಒಂದೇ ಬೆರಳು, ತನ್ನದು.

ಯಾರಿಗೂ ಗೊತ್ತಿಲ್ಲ ಎಂಬುದೂ ಆಕೆಗೆ ಆಗಲೇ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದು, ನಾಳೆಯಿಂದ ಬಟ್ಟಲು ಬೇಡ ಎಂದರೆ ಮುಗಿಯಿತು. ಚೀಲ ಅಂಟುತ್ತದೆ, ಹೆಸರು ಇನ್ನಷ್ಟು ದೊಡ್ಡದಾಗುತ್ತದೆ. ಹೋಗುವವರು ಮೂವರು. ಮೂರು ತಿಂಗಳಷ್ಟೇ ಆಗಿದೆ, ಬೇರೆ ಕಡೆ ಕೆಲಸ ಸಿಕ್ಕೀತು. ಹೀಗೆಲ್ಲ ಯೋಚಿಸುತ್ತ ಆಕೆ ಕೈ ತೊಳೆಯುವ ಜಾಗದವರೆಗೂ ನಡೆದುಹೋದಳು. ಅಲ್ಲಿ ನಾದಿನಿ ನಲ್ಲಿ ತಿರುಗಿಸಿ, ಯಾರಿಗೂ ಕೇಳಿಸದಂತೆ ಬಿಕ್ಕುತ್ತಿದ್ದಳು. ಇವಳನ್ನು ಕಂಡು ಸೆರಗಿಂದ ಮುಖ ಒರೆಸಿಕೊಂಡಳು.

"ನೀವು ಹೇಳಿದ ಹಾಗೇ ಮಾಡಿದೆ ಅತ್ತಿಗೆ. ಒಂದು ದಿನಾನೂ ಬೆರಳು ಒಣಗೋಕೆ ಬಿಡ್ಲಿಲ್ಲ."

ಸ್ಪಂಜಕ್ಕನಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಹಿಂತಿರುಗಿ ಹೋಗಿ, ತನ್ನ ಬಟ್ಟಲಿಗೆ ನೀರು ತುಂಬಿಕೊಂಡು, ಯಜಮಾನರನ್ನೂ ಚಿಕ್ಕ ಮೇಡಂ ಅವರನ್ನೂ ಕರೆದಳು. ಚಹಾ ಮುಗಿಸಿ ಬಂದ ಹೆಂಗಸರೂ ಸುತ್ತ ನಿಂತರು. ಒಣ ಬೆರಳಿಂದ ಒಂದು ಚೀಲ ಬಿಡಿಸಿ ಅಂಟಿಸಿದಳು, ಅದುಮಿದರೆ ಗಟ್ಟಿ. ಹೆಬ್ಬೆರಳನ್ನು ಸ್ಪಂಜಿಗೆ ಒತ್ತಿ ಇನ್ನೊಂದು ಅಂಟಿಸಿದಳು. ಅದುಮಿದರೆ ಬಲ ಮೂಲೆಯಿಂದ ಗಾಳಿ ಸುಂಯ್ ಎಂದಿತು.

"ಚೀಲದ ತಪ್ಪಲ್ಲ, ಹುಡುಗಿಯರ ತಪ್ಪೂ ಅಲ್ಲ," ಎಂದಳು. "ಇವರಿಗೆಲ್ಲ ಬೆರಳು ಒದ್ದೆ ಮಾಡೋಕೆ ಕಲಿಸಿದ್ದು ನಾನು. ನನ್ನದು ಅಂಟಿದ್ದು ಕೈಗುಣದಿಂದ ಅಲ್ಲ ಸರ್, ಬೆರಳು ಸುಟ್ಟಿತ್ತು, ಅದಕ್ಕೆ. ಕಳಿಸೋದಾದ್ರೆ ನನ್ನನ್ನ ಕಳಿಸಿ."

ಚಿಕ್ಕ ಮೇಡಂ ಒದ್ದೆ ಪೊಟ್ಟಣವನ್ನು ಮೂರು ಸಲ ಅದುಮಿ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಯಜಮಾನರು ತಲೆ ಕೆರೆದುಕೊಂಡರು. "ನಿಮ್ಮನ್ನ ಕಳಿಸಿದ್ರೆ ಈ ಬಟ್ಟಲುಗಳನ್ನೆಲ್ಲ ಯಾರಮ್ಮಾ ಎತ್ತೋದು? ಹೋಗಿ, ಎಲ್ಲರೂ ಕೆಲಸ ನೋಡಿ. ಯಾರೂ ಎಲ್ಲೂ ಹೋಗೋದು ಬೇಡ."

ಸ್ಪಂಜಕ್ಕ ಮೇಜಿಂದ ಮೇಜಿಗೆ ಹೋಗಿ, ತಾನೇ ಇಟ್ಟಿದ್ದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಬಕೆಟಿಗೆ ಹಾಕಿದಳು. ಯಾರೂ ನಗಲಿಲ್ಲ. ಆದರೆ ಬರೀ ಬೆರಳಲ್ಲಿ ಚೀಲ ಬೇಗ ಬರುತ್ತಿರಲಿಲ್ಲ, ಹದಿನೈದು ದಿನಕ್ಕೇ ಹರಿಯುವ ರಬ್ಬರ್ ಟೋಪಿಯನ್ನು ಮೂವತ್ತು ಜನಕ್ಕೆ ತರಿಸುವಂತೆಯೂ ಇರಲಿಲ್ಲ. ನಿಮಿಷಕ್ಕೆ ಹನ್ನೊಂದಿದ್ದದ್ದು ಐದಕ್ಕೆ ಇಳಿಯಿತು, ಆಕೆಯದೂ ಅಷ್ಟೇ.

ಕೊನೆಯ ಬಟ್ಟಲು ನಾದಿನಿಯದು. ಅದನ್ನೂ ಬಕೆಟಿಗೆ ಹಾಕಿ, ಸ್ಪಂಜಕ್ಕ ಅಲ್ಲೇ ನಿಂತಳು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು, ಹೊಸಬಳಂತೆ, ನಾದಿನಿಯ ಎಡಗಡೆ ಕೂತಳು.

"ಆವತ್ತು ಇಸ್ಪೀಟು ಥರ ಏನೋ ಮಾಡಿದ್ದೆಯಲ್ಲ," ಎಂದಳು. "ಅದನ್ನ ನಂಗೆ ಹೇಳಿಕೊಡು. ನಿಧಾನಕ್ಕೆ ಹೇಳಿಕೊಡೇ, ನಂದು ಬಲಗೈ."