ಎಳೆದು ಕೂರಿಸಿದ ರಬ್ಬರ್

ಈಗ ಅವನ ಅಂಗಡಿಗೆ ಹೋಗಿ ಏನಾದರೂ ಕೇಳಿ ನೋಡಿ. ತಲೆಯೆತ್ತುವ ಮೊದಲೇ "ಇಲ್ಲ" ಅನ್ನುತ್ತಾನೆ. ಆಮೇಲೆ ಕನ್ನಡಕ ಏರಿಸಿ, ನೀವು ತಂದ ತುಂಡನ್ನು ಹೆಬ್ಬೆರಳಲ್ಲಿ ಒತ್ತಿ, "ಹುಡುಕಿ ನೋಡ್ತೀನಿ, ಸಿಕ್ಕಿದ್ರೆ ಸಿಕ್ತು" ಎಂದು ಗೊಣಗುತ್ತಾನೆ. ಮೊದಲು ಹೀಗಿರಲಿಲ್ಲ. "ಇಲ್ಲ ಅನ್ನೋದು ನಮ್ಮ ಅಂಗಡೀಲಿ ಸ್ಟಾಕ್ ಇಲ್ಲ" ಎಂದು ತಾನೇ ಹೇಳಿ, ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ.

ಜನ ಅವನನ್ನು ಕರೆಯುವುದು ರಬ್ಬರ್ ಮಾಮ ಎಂದು. ಹಳೆಯ ಕಾರುಗಳ ಬಾಗಿಲಂಚಿಗೆ, ಗಾಜಿನ ಸುತ್ತ, ನೀರು ಧೂಳು ಒಳಬರದಂತೆ ಕೂರಿಸುವ ರಬ್ಬರ್ ಪಟ್ಟಿಯೇ ಅವನ ವ್ಯಾಪಾರ. ಉದ್ದನೆಯ ಕೋಣೆ, ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಕಪ್ಪು ಸುರುಳಿ, ಸುರುಳಿಗೊಂದು ರಟ್ಟಿನ ಚೀಟಿ. ತಯಾರಿಸಿದ ಕಂಪನಿ ಬಾಗಿಲು ಹಾಕಿ ಮೂವತ್ತು ವರ್ಷವಾದ ಕಾರಿನ ಪಟ್ಟಿಯನ್ನೂ ಕಣ್ಣು ಮುಚ್ಚಿ ಬೆರಳಲ್ಲೇ ಗುರುತಿಸಬಲ್ಲ. ಹಿಂದಿನ ಕೋಣೆಯಲ್ಲಿ ಅವನ ಅಕ್ಕ, ಬಿಸಿ ತಗಡಿನ ಮೇಲೆ ರಬ್ಬರ್ ತುಂಡುಗಳನ್ನು ಬೆಸೆಯುತ್ತಾಳೆ. ಹೊಗಳಿಕೆ ತಮ್ಮನಿಗೆ, ಸುಟ್ಟ ಬೆರಳು ಅಕ್ಕನಿಗೆ. ಅವರಿಬ್ಬರ ಒಪ್ಪಂದ ಅಷ್ಟೇ.

ಒಂದು ದಿನ ಟೈಪಿಂಗ್ ಮೇಷ್ಟ್ರು ತಮ್ಮ ಹಳೆಯ ಸ್ಟೇಷನ್ ವ್ಯಾಗನ್ ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಹಿಂದೆ ಪೆಟ್ಟಿಗೆಯಂತೆ ಉದ್ದವಾದ ಆ ಕಾರನ್ನು ಅವರು ಮಾರದೆ ಇಟ್ಟುಕೊಂಡದ್ದು ಷೋಕಿಗಲ್ಲ. ಸೊಂಟದ ಮೂಳೆಯ ಕಾಯಿಲೆಯಿಂದ ಅವರ ಹೆಂಡತಿ ಕೂರಲಾರರು. ಸೀಟು ಮಡಚಿ, ಹಾಸಿಗೆ ಹಾಸಿ, ಮಲಗಿಸಿಕೊಂಡು ವಾರಕ್ಕೆರಡು ಸಲ ಪಕ್ಕದ ಊರಿನ ಆಸ್ಪತ್ರೆಗೆ ಹೋಗಬೇಕಿತ್ತು. ಹಿಂಬಾಗಿಲ ರಬ್ಬರ್ ಹಪ್ಪಳದಂತೆ ಮುರಿಯುತ್ತಿತ್ತು. "ಇದು ಎಲ್ಲೂ ಸಿಗ್ತಿಲ್ವಂತೆ ಕಣಪ್ಪ" ಅಂದರು ಮೇಷ್ಟ್ರು.

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಸಾಲದ್ದಕ್ಕೆ ಬೀದಿಯಾಚೆಯ ಗಾಜಿನ ಅಂಗಡಿಯವನೂ ಬಂದು ನಿಂತಿದ್ದ. ಮಾಮ ಎದೆ ಉಬ್ಬಿಸಿದ. "ಎಲ್ಲೂ ಸಿಗಲ್ಲ ಅಂದ್ರೆ ಇಲ್ಲಿಗೆ ಬಂದಿಲ್ಲ ಅಂತ ಅರ್ಥ. ಮುಂದಿನ ಶನಿವಾರ ಬನ್ನಿ ಮೇಷ್ಟ್ರೇ."

ಹುಡುಕಿದ್ದೇನೋ ನಿಜ. ಒಂದು ವಾರ ಗುಜರಿಗಳನ್ನೆಲ್ಲ ಅಲೆದ. ಶುಕ್ರವಾರ ಸಂಜೆ ಸಿಕ್ಕಿತು. ಅದೇ ಕಂಪನಿಯದು, ಅದೇ ಅಚ್ಚಿನದು, ಆದರೆ ಚಿಕ್ಕ ಮಾದರಿಯ ವ್ಯಾಗನ್ನಿನದು. ಅಳೆದರೆ ನಾಲ್ಕು ಬೆರಳು ಕಡಿಮೆ.

"ಎರಡು ದಿನ ಕೊಡು, ತುಂಡು ಸೇರಿಸಿ ಬೆಸೀತೀನಿ" ಅಂದಳು ಅಕ್ಕ.

"ಬೆಸೆದ ಗುರುತು ಕಾಣುತ್ತಕ್ಕ. ನಾಳೆ ಅಂತ ನಾಲ್ಕು ಜನರ ಮುಂದೆ ಹೇಳಿದೀನಿ."

"ಕಂಡ್ರೆ ಕಾಣ್ಲಿ. ಮಾನ ಹೋಗುತ್ತಾ?"

ಹೋಗುತ್ತದೆ ಅನ್ನಿಸಿತು ಅವನಿಗೆ. ಪಟ್ಟಿಯನ್ನು ತಳ್ಳಿ ಕೂರಿಸಬೇಕು, ಎಳೆದು ಕೂರಿಸಬಾರದು ಎನ್ನುವುದು ಈ ಕಸುಬಿನ ಮೊದಲ ಪಾಠ. ಎಳೆದ ರಬ್ಬರ್ ಮೊದಲ ದಿನ ನೆಟ್ಟಗೆ ಕೂತಿರುತ್ತದೆ. ಹತ್ತು ದಿನದಲ್ಲಿ ಮೊದಲಿನ ಅಳತೆಗೆ ಮರಳಿ, ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ಮಾತು. ಶನಿವಾರ ಅವನು ಅಕ್ಕ ಬರುವ ಮೊದಲೇ ಅಂಗಡಿ ತೆರೆದು, ಬೆಳಿಗ್ಗೆಯೇ ಬಂದ ಮೇಷ್ಟ್ರ ಕಾರಿಗೆ ಪಟ್ಟಿ ಹಾಕಿ, ನಾಲ್ಕು ಬೆರಳಿನ ಕೊರತೆಯನ್ನು ಎಳೆದೆಳೆದು ತುಂಬಿಸಿದ. ಬಾಗಿಲು ಧಪ್ಪೆಂದು ಮುಚ್ಚಿತು. ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡು, "ನಿನ್ನ ಉಪಕಾರ ಮರೆಯಲ್ಲಪ್ಪ" ಅಂದರು. ಅವನು ಅಷ್ಟರಲ್ಲಿ ಅಲ್ಲಿ ಸೇರಿದ್ದ ನಾಲ್ಕು ಜನರ ಕಡೆ ನೋಡಿದ.

ತಿಂಗಳು ಕಳೆದ ಮೇಲೆ ಮೇಷ್ಟ್ರು ಒಂದು ಚೀಲ ನಿಂಬೆಹಣ್ಣು ತಂದರು. ದೂರಲು ಬಂದದ್ದಲ್ಲ, ಕೊಡಲು ಬಂದದ್ದು. ಮನೆಯವರು ಹೇಗಿದ್ದಾರೆ ಎಂದು ಮಾಮ ಕೇಳಿದಾಗ ಅವರ ಮುಖ ಸಣ್ಣಗಾಯಿತು.

"ಯಾಕೋ ಸರಿಯಾಗ್ತಿಲ್ಲ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ತಲೆನೋವು, ವಾಂತಿ. ಕಾರಲ್ಲಿ ಹೊಗೆ ವಾಸನೆ ಅಂತಾಳೆ. ನನ್ನ ಮೂಗಿಗೇನೂ ಬರಲ್ಲ. ನಾನು ಮುಂದೆ ಗಾಜು ಇಳಿಸ್ಕೊಂಡು ಕೂತಿರ್ತೀನಿ, ಬಂದಿದ್ರೆ ಗೊತ್ತಾಗ್ತಿತ್ತು. ಡಾಕ್ಟರು ಭ್ರಮೆ ಇರ್ಬೇಕು ಅಂತ ಫೈಲಲ್ಲಿ ಬರೆದು ಮಾತ್ರೆ ಕೊಟ್ಟಿದಾರೆ. ಹೋಗೋದೇ ನಿಲ್ಲಿಸೋಣ ಅಂತಾಳೆ ಈಗ."

ಮಾಮನ ಕೈಯಲ್ಲಿದ್ದ ಕತ್ತರಿ ನಿಂತಿತು. ಚಪ್ಪಟೆ ಬೆನ್ನಿನ ಕಾರು ಓಡುವಾಗ ತನ್ನದೇ ಹೊಗೆಯನ್ನು ತನ್ನತ್ತಲೇ ಸೆಳೆದುಕೊಳ್ಳುತ್ತದೆ. ಹಿಂಬಾಗಿಲಲ್ಲಿ ಬೆರಳು ತೂರುವಷ್ಟು ಬಿರುಕಿದ್ದರೂ ಸಾಕು, ಹೊಗೆ ಒಳಗೆ. ಆ ಬಿರುಕಿನ ಪಕ್ಕದಲ್ಲೇ ಆಕೆಯ ದಿಂಬು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬಂದದ್ದು, "ಗಾಡಿ ಬಿಟ್ಟು ಹೋಗಿ ಮೇಷ್ಟ್ರೇ, ಸುಮ್ನೆ ಒಂದ್ಸಲ ನೋಡಿಡ್ತೀನಿ" ಎಂಬ ಮಾತು. ಹೀಗೆ ತಿಪ್ಪೆ ಸಾರಿಸಿದ.

ಮೇಷ್ಟ್ರು ಹೋದ ಮೇಲೆ ಅಕ್ಕ ಹಿಂಬಾಗಿಲು ಎತ್ತಿದಳು. ಕೆಳಗಿನ ಎರಡೂ ಮೂಲೆಯಲ್ಲಿ ರಬ್ಬರ್ ಹಿಂದೆ ಸರಿದಿತ್ತು. ಅಂಚಿನ ಬಣ್ಣದ ಮೇಲೆ ಮಸಿ. ಅದನ್ನು ಬೆರಳಲ್ಲಿ ಒರೆಸಿ ತಮ್ಮನ ಮುಂದೆ ಹಿಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಒಳಗೆ ಹೋಗಿ ತಗಡು ಬಿಸಿಗಿಟ್ಟಳು. ಎರಡು ದಿನದಲ್ಲಿ ತುಂಡು ಸೇರಿಸಿ, ಮೂಲೆ ತುಂಬಿಸಿ, ತಳ್ಳಿ ತಳ್ಳಿ ಕೂರಿಸಿದರು. ಬೆಸೆದ ಗುರುತು ಕಾಣುತ್ತಲೇ ಇರಲಿಲ್ಲ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡ ನಮ್ಮ ಜಾಣ. ಹತ್ತು ದಿನ ಬಿಟ್ಟು, ರಬ್ಬರಿಗೆ ಹಚ್ಚುವ ಪುಡಿ ಕೊಡುವ ನೆಪದಲ್ಲಿ ಮೇಷ್ಟ್ರ ಮನೆಗೆ ಹೋದ. ಆಕೆ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ಮುಖದಲ್ಲಿ ಗೆಲುವಿತ್ತು.

"ಮಾತ್ರೆ ಹಿಡೀತು ನೋಡು" ಅಂದರು ಮೇಷ್ಟ್ರು. "ಈಗ ವಾಸನೆ ಇಲ್ಲ, ವಾಂತಿ ಇಲ್ಲ."

ಆಕೆ ನಗಲಿಲ್ಲ. "ಹೌದಪ್ಪ, ಭ್ರಮೆನೇ ಇರ್ಬೇಕು. ಸೊಂಟ ಹೋಯ್ತು, ತಲೆನಾದ್ರೂ ನೆಟ್ಟಗಿದೆ ಅಂದ್ಕೊಂಡಿದ್ದೆ. ಈಗ ಹಾಲು ಉಕ್ಕಿದ ವಾಸನೆ ಬಂದ್ರೂ ಹೇಳೋಕೆ ಹೆದರಿಕೆ."

ಮಾಮನಿಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಬಾಗಿಲವರೆಗೆ ಹೋದ. ಚಪ್ಪಲಿ ಮೆಟ್ಟಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಚಪ್ಪಲಿ ಬಿಟ್ಟು ವಾಪಸು ಬಂದ.

"ಅಮ್ಮಾ, ನಿಮ್ಮ ಮೂಗು ಸರಿಯಾಗೇ ಇತ್ತು. ಹೊಗೆ ಬರ್ತಿತ್ತು. ನಾಲ್ಕು ಬೆರಳು ಕಮ್ಮಿ ಇದ್ದ ರಬ್ಬರನ್ನ ಎಳೆದು ಹಾಕಿದ್ದೆ. ಗೊತ್ತಿದ್ದೇ ಹಾಕಿದ್ದೆ. ಆಮೇಲೆ ಹೇಳದೆ ಸರಿ ಮಾಡಿದೆ."

ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಆಕೆ ಕೈಯೆತ್ತಿ ಅವರನ್ನು ತಡೆದರು. ಗಂಡನ ಕಡೆ ತಿರುಗಿ, "ಕೇಳಿಸ್ತಾ?" ಅಂದರು. ಮೇಷ್ಟ್ರು ತಲೆ ತಗ್ಗಿಸಿದರು. ಆಗ ಆ ಕೋಣೆಯಲ್ಲಿ ನಾಚಿಕೆಪಡುವವರು ಇಬ್ಬರಾದರು.

"ನಾಳೆ ನಮ್ಮ ಜೊತೆ ಬಾ" ಎಂದರು ಆಕೆ, ಮಾಮನಿಗೆ. "ಫೈಲಲ್ಲಿ ಬರೆದಿದೆಯಲ್ಲ, ಅದನ್ನ ಹೊಡೆದು ಹಾಕಿಸ್ಬೇಕು. ನಾನು ಹೇಳಿದ್ರೆ ಅದೂ ಭ್ರಮೆ ಅಂತಾರೆ."

ಹೋದ. ಹೊರರೋಗಿಗಳ ಸಾಲಿನ ಎದುರಿಗೇ, ಬಾಗಿಲು ತೆರೆದೇ ಇದ್ದ ಕೋಣೆಯಲ್ಲಿ, ಡಾಕ್ಟರ ಮುಂದೆ ಮತ್ತೆ ಮೊದಲಿಂದ ಹೇಳಿದ. ಡಾಕ್ಟರಿಗೆ ಮೊದಲ ಸಲ ಅರ್ಥವಾಗಲಿಲ್ಲ. "ಜೋರಾಗಿ ಹೇಳಪ್ಪ" ಅಂದರು ಆಕೆ, ತಳ್ಳುಮಂಚದ ಮೇಲಿಂದ. ಜೋರಾಗಿ ಹೇಳಿದ. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಅಂದು ನಾಲ್ಕು ಜನರ ಮುಂದೆ ಉಳಿಸಿಕೊಂಡ ಮಾನವನ್ನು ಇಂದು ನಲವತ್ತು ಜನರ ಮುಂದೆ ಕಳೆದುಕೊಂಡ. ಡಾಕ್ಟರು ಪೆನ್ನು ತೆಗೆದು ಗೆರೆ ಎಳೆದರು. ಆಕೆ ಫೈಲು ತರಿಸಿಕೊಂಡು, ಆ ಗೆರೆಯ ಮೇಲೆ ಬೆರಳಾಡಿಸಿ ನೋಡಿ, ಮುಚ್ಚಿದರು.

ಹೊರಗೆ ಬಂದು ಆಕೆಯನ್ನು ಕಾರಿನ ಹಾಸಿಗೆಗೆ ಇಳಿಸಿದ ಮೇಲೆ, ಮೇಷ್ಟ್ರ ಮುಖ ನೋಡಲಾರದೆ, "ನಾನು ಬಸ್ಸಲ್ಲಿ ಬರ್ತೀನಿ" ಅಂದ ಮಾಮ.

"ಬಸ್ಸು ಯಾಕೆ?" ಎಂದರು ಆಕೆ. ದಿಂಬನ್ನು ಸ್ವಲ್ಪ ಸರಿಸಿ ಹಿಂಬಾಗಿಲ ಪಕ್ಕ ಜಾಗ ಮಾಡಿದರು. "ಇಲ್ಲೇ ಕೂತ್ಕೋ. ಹೊಗೆ ಬಂದ್ರೆ ಮೊದಲು ನಿನ್ನ ಮೂಗಿಗೆ ಬರ್ಲಿ."

ಅವನು ಒಳಗೆ ತೂರಿ, ಮೊಣಕಾಲು ಅಪ್ಪಿಕೊಂಡು, ರಬ್ಬರಿನ ಮೂಲೆಗೆ ಮುಖ ಮಾಡಿ ಕೂತ. ದಾರಿಯುದ್ದಕ್ಕೂ ಆಕೆ ಕಣ್ಣು ಮುಚ್ಚಿಕೊಂಡೇ ಇದ್ದರು. ಮೂರು ಸಲ "ಬಂತಾ?" ಎಂದು ಕೇಳಿದರು. ಮೂರು ಸಲವೂ ಅವನು ಮೂಗು ಹಚ್ಚಿ ನೋಡಿ, ಆಮೇಲೆ ಹೇಳಿದ, "ಇಲ್ಲಮ್ಮ."